ಗ್ರಂಥಕರ್ತನೂ ಪ್ರಕಾಶಕನೂ

೧

ಗ್ರಂಥವನ್ನು ಬರೆದು ಮುಗಿಸಿದವನಿಗೆ, ಬರೆಯುವಾಗ ಇಲ್ಲದಿದ್ದ ಚಿಂತೆಯೊಂದು ಆಮೇಲೆ ಮೊದಲಾಗುತ್ತದೆ. ಹಸ್ತಪ್ರತಿಯನ್ನು ತನ್ನ ಹಣದಿಂದಲೇ ಅಚ್ಚು ಮಾಡಿಸಿ ತಾನೇ ಮಾರುವುದು ಮೇಲೋ, ಪ್ರಕಾಶಕರೊಬ್ಬರಿಗೆ ಒಪ್ಪಿಸಿ ಅವರು ಕೊಟ್ಟದ್ದನ್ನು ಪಡೆಯುವುದು ಮೇಲೋ ಎಂಬುದೇ ಆ ಚಿಂತೆ. ಮೊದಲನೆಯ ದಾರಿಯಲ್ಲಿ ಮನೆಯ ಹಣ ಹೋದೀತೆಂಬ ಭಯ. ಎರಡನೆಯದರಲ್ಲಿ ಗ್ರಂಥವೇ ಕೈಬಿಟ್ಟು ಹೋದೀತೆಂಬ ಭಯ. ಈ ಪ್ರಶ್ನೆ ಹೊಸದಲ್ಲ. ಆದರೆ ಗಣಕಯಂತ್ರದಿಂದ ಅಕ್ಷರಜೋಡಣೆಯೂ, ಬೇಕಾದಷ್ಟೇ ಪ್ರತಿಗಳನ್ನು ತೆಗೆಯುವ ಅನುಕೂಲವೂ ಒದಗಿರುವ ಈ ಕಾಲದಲ್ಲಿ ಅದು ಹಿಂದೆಂದಿಗಿಂತಲೂ ಹೆಚ್ಚು ಮನೆಗಳ ಬಾಗಿಲನ್ನು ತಟ್ಟುತ್ತಿದೆ. ನಿವೃತ್ತಿವೇತನದ ಹಣವನ್ನು ಒಮ್ಮೆಗೇ ಪಡೆದ ಉಪಾಧ್ಯಾಯರೂ, ಮೊದಲ ಕವನಸಂಗ್ರಹವನ್ನು ಕೈಯಲ್ಲಿ ಹಿಡಿದಿರುವ ತರುಣರೂ ಇದೇ ಕವಲುದಾರಿಯಲ್ಲಿ ನಿಲ್ಲುತ್ತಾರೆ.

ಇದಕ್ಕೆ ಉತ್ತರವನ್ನು ಬಹಳ ದೂರದಲ್ಲಿ ಹುಡುಕಬೇಕಾಗಿಲ್ಲ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ಎಂಬ ಈ ನಾಲ್ಕು ತಾಲ್ಲೂಕುಗಳ ನೆಲದಲ್ಲಿ ಹುಟ್ಟಿದ, ಅಥವಾ ಈ ನೆಲಕ್ಕೆ ಸೇರಿದ ಮನೆತನಗಳಿಂದ ಬಂದ ಗ್ರಂಥಕರ್ತರ ಚರಿತ್ರೆಯೇ ಇದಕ್ಕೆ ಬೇಕಾದಷ್ಟು ಸಾಮಗ್ರಿಯನ್ನು ಒದಗಿಸುತ್ತದೆ. ಅದನ್ನು ಕಾಲಕ್ರಮದಲ್ಲಿ ನೋಡುತ್ತ ಬಂದರೆ, ನಾವು ಸಾಮಾನ್ಯವಾಗಿ ಕೇಳುವ ಪ್ರಶ್ನೆಯ ರೂಪವೇ ಬದಲಾಗಬೇಕೆಂದು ತೋರುತ್ತದೆ. ಯಾರ ಹಣದಿಂದ ಅಚ್ಚಾಯಿತು ಎಂಬುದಕ್ಕಿಂತ, ಹಕ್ಕು ಯಾರ ಕೈಯಲ್ಲಿ ಉಳಿಯಿತು, ಗ್ರಂಥವನ್ನು ಓದುಗರ ಮನೆಯವರೆಗೆ ಹೊತ್ತವರು ಯಾರು ಎಂಬ ಎರಡು ಪ್ರಶ್ನೆಗಳೇ ಮುಖ್ಯವೆಂದು ಆ ಚರಿತ್ರೆ ಹೇಳುತ್ತದೆ.

೨

ಅಚ್ಚಿನ ಯಂತ್ರ ಬರುವುದಕ್ಕೆ ಮೊದಲು ಪ್ರಕಾಶಕನೆಂಬವನು ಇರಲಿಲ್ಲ. ಅವನ ಸ್ಥಾನದಲ್ಲಿ ಆಶ್ರಯದಾತನಿದ್ದನು. ೧೬೧೦ರಲ್ಲಿ ರಾಜ ಒಡೆಯರ ವಶವಾದ ಮೇಲೆ ಶ್ರೀರಂಗಪಟ್ಟಣವು ಕನ್ನಡ ಸಾಹಿತ್ಯಕ್ಕೆ ದೊಡ್ಡ ನೆಲೆಯಾಯಿತು. ಕಂಠೀರವ ನರಸರಾಜರ ಕಾಲದಲ್ಲಿ ಗೋವಿಂದವೈದ್ಯನು ೧೬೪೮ರಲ್ಲಿ ‘ಕಂಠೀರವ ನರಸರಾಜ ವಿಜಯ’ವನ್ನು ಬರೆದನು. ಚಿಕ್ಕದೇವರಾಜ ಒಡೆಯರ ಆಳ್ವಿಕೆಯಲ್ಲಿ, ಎಂದರೆ ೧೬೭೩ರಿಂದ ೧೭೦೪ರವರೆಗೆ, ತಿರುಮಲಾರ್ಯ, ಚಿಕುಪಾಧ್ಯಾಯ, ಸಿಂಗರಾರ್ಯ ಮೊದಲಾದವರು ಆ ಆಸ್ಥಾನದಲ್ಲಿದ್ದರು. ಅರಮನೆಯ ಊಳಿಗದಲ್ಲಿದ್ದ ಸಂಚಿ ಹೊನ್ನಮ್ಮನು ‘ಹದಿಬದೆಯ ಧರ್ಮ’ವನ್ನು ಬರೆದದ್ದೂ ಅಲ್ಲಿಯೇ.

ಈ ಏರ್ಪಾಡಿನಲ್ಲಿ ಕವಿಗೆ ಅನ್ನದ ಚಿಂತೆ ಇರಲಿಲ್ಲ; ಓಲೆಗೂ ಲಿಪಿಕಾರನಿಗೂ ಅವನು ಹಣ ಹೊಂದಿಸಬೇಕಾಗಿರಲಿಲ್ಲ. ಆದರೆ ಇದಕ್ಕೂ ಒಂದು ಬೆಲೆಯಿತ್ತು. ಆಸ್ಥಾನದ ಕಾವ್ಯಗಳ ಹೆಸರುಗಳನ್ನು ನೋಡಿದರೇ ಯಾರನ್ನು ಹೊಗಳಿ ಬರೆದವೆಂಬುದು ತಿಳಿಯುತ್ತದೆ. ಹಣ ಕೊಟ್ಟವನು ವಸ್ತುವನ್ನೂ ಅಷ್ಟಿಷ್ಟು ನಿಶ್ಚಯಿಸುತ್ತಾನೆಂಬ ಮಾತು ಅಂದಿಗೂ ಸಲ್ಲುತ್ತಿತ್ತು, ಇಂದಿಗೂ ಸಲ್ಲುತ್ತದೆ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಓಲೆಯ ಕಾಲದಲ್ಲಿ ಪ್ರತಿ ಮಾಡುವ ಹಕ್ಕು ಯಾರೊಬ್ಬರ ಸ್ವತ್ತೂ ಆಗಿರಲಿಲ್ಲ. ಬೇಕೆಂದವರು ಪ್ರತಿ ಮಾಡಿಕೊಳ್ಳುತ್ತಿದ್ದರು. ಆದುದರಿಂದ ಜನ ಬಯಸಿದ ಕಾವ್ಯ ಉಳಿಯಿತು. ಪ್ರತಿ ಮಾಡುವವರಿಲ್ಲದ ಕಾವ್ಯ ಗೆದ್ದಲಿಗೆ ಆಹಾರವಾಯಿತು. ಹಾಡುವುದಕ್ಕೆ ಒದಗುವ ಸಾಂಗತ್ಯದಲ್ಲಿ, ಗೃಹಿಣಿಯರ ಬಾಳನ್ನೇ ವಸ್ತುವಾಗಿ ಇಟ್ಟುಕೊಂಡು ರಚಿತವಾದ ಹೊನ್ನಮ್ಮನ ಕೃತಿ ಇಂದಿಗೂ ಹೆಸರುವಾಸಿಯಾಗಿರುವುದಕ್ಕೆ ಅರಮನೆಯ ಆಶ್ರಯಕ್ಕಿಂತ ಅದನ್ನು ಬಯಸಿದವರ ನಾಲಗೆಯೇ ಹೆಚ್ಚು ಕಾರಣವೆನ್ನಬಹುದು. ೧೭೯೯ರಲ್ಲಿ ಶ್ರೀರಂಗಪಟ್ಟಣ ಬಿದ್ದು ರಾಜಧಾನಿ ಮೈಸೂರಿಗೆ ಹೋದಮೇಲೆ ಈ ಊರಿನ ಆಸ್ಥಾನಾಶ್ರಯವೂ ಮುಗಿಯಿತು.

೩

ಅಚ್ಚಿನ ಯಂತ್ರ ಕನ್ನಡ ನಾಡಿನಲ್ಲಿ ನೆಲೆಗೊಂಡದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಿಂದ ೧೮೪೩ರಲ್ಲಿ ‘ಮಂಗಳೂರ ಸಮಾಚಾರ’ವೂ, ೧೮೯೪ರಲ್ಲಿ ಕಿಟ್ಟೆಲ್ ಮಹಾಶಯರ ನಿಘಂಟುವೂ ಹೊರಟುವು. ಇವು ಮಿಷನ್ನಿನ ಮತ್ತು ಸರ್ಕಾರದ ಬೆಂಬಲದಿಂದ ನಡೆದ ಕಾರ್ಯಗಳು. ಅಂತಹ ಬೆಂಬಲವಿಲ್ಲದವರು ಏನು ಮಾಡಬೇಕು? ಇದಕ್ಕೆ ಆ ಶತಮಾನದ ಕೊನೆಯ ದಶಕದಲ್ಲಿ ಮೈಸೂರಿನ ಪಂಡಿತರು ಒಂದು ದಾರಿಯನ್ನು ಕಂಡುಕೊಂಡರು. ಎಸ್.ಜಿ. ನರಸಿಂಹಾಚಾರ್ಯರೂ ಎಂ.ಎ. ರಾಮಾನುಜಯ್ಯಂಗಾರ್ಯರೂ ಕೂಡಿ ‘ಕರ್ಣಾಟಕ ಕಾವ್ಯಮಂಜರಿ’ಯನ್ನು ನಡೆಸಿದರು, ಮುಂದೆ ರಾಮಾನುಜಯ್ಯಂಗಾರ್ಯರು ‘ಕರ್ಣಾಟಕ ಕಾವ್ಯಕಲಾನಿಧಿ’ಯನ್ನು ನಡೆಸಿದರು. ಹಳಗನ್ನಡ ಕಾವ್ಯಗಳನ್ನು ಓಲೆಯಿಂದ ಶೋಧಿಸಿ, ಸಂಚಿಕೆಗಳಾಗಿ ಅಚ್ಚು ಹಾಕಿ, ಚಂದಾದಾರರಿಗೆ ಕಳುಹಿಸುವುದು ಈ ಕ್ರಮ. ಇಡೀ ಗ್ರಂಥಕ್ಕೆ ಬೇಕಾದ ಹಣವನ್ನು ಒಬ್ಬನೇ ಮೊದಲೇ ಸುರಿಯಬೇಕಾಗಿಲ್ಲ. ಸ್ವಲ್ಪಸ್ವಲ್ಪವಾಗಿ ಅಚ್ಚಾಗುತ್ತ, ಸ್ವಲ್ಪಸ್ವಲ್ಪವಾಗಿ ಹಣವೂ ಬರುತ್ತದೆ. ಸಂಪಾದಕರೇ ಪ್ರಕಾಶಕರಾದರೂ ನಷ್ಟದ ಭಾರವನ್ನು ಹಲವರು ಹಂಚಿಕೊಂಡ ಹಾಗಾಯಿತು.

ಇದೇ ಕಾಲದ ಇನ್ನೊಂದು ಮಹಾಕಾರ್ಯವು ನಮ್ಮ ಜಿಲ್ಲೆಗೆ ನೇರವಾಗಿ ಸೇರಿದ್ದು. ಮಂಡ್ಯದ ಕೊಪ್ಪಲಿನಲ್ಲಿ ೧೮೬೦ರಲ್ಲಿ ಜನಿಸಿದ ರಾ. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯ ಮೊದಲನೆಯ ಸಂಪುಟವನ್ನು ೧೯೦೭ರಲ್ಲಿ, ಎರಡನೆಯದನ್ನು ೧೯೧೯ರಲ್ಲಿ, ಮೂರನೆಯದನ್ನು ೧೯೨೯ರಲ್ಲಿ ಹೊರತಂದರು, ನಡುವೆ ೧೯೨೪ರಲ್ಲಿ ಮೊದಲನೆಯ ಸಂಪುಟವನ್ನು ತಿದ್ದಿ ಮತ್ತೆ ಅಚ್ಚು ಮಾಡಿಸಿದರು. ಮೂರು ಸಂಪುಟಗಳಿಗೆ ಇಪ್ಪತ್ತೆರಡು ವರ್ಷ! ಲಾಭವನ್ನೇ ನೋಡುವ ಯಾವ ವರ್ತಕನು ಇಷ್ಟು ಕಾಲ ಕಾದು ಕುಳಿತಾನು? ಈ ಗ್ರಂಥ ಇಲ್ಲದಿದ್ದರೆ ನಮ್ಮ ಸಾಹಿತ್ಯಚರಿತ್ರೆಯನ್ನು ಬರೆದವರಿಗೆ ಬುನಾದಿಯೇ ಇರುತ್ತಿರಲಿಲ್ಲ. ನರಸಿಂಹಾಚಾರ್ಯರು ೧೯೩೬ರಲ್ಲಿ ತೀರಿಕೊಂಡರು. ಅವರ ಬಳಿಕ ಈ ಸಂಪುಟಗಳಿಗೆ ಪುನರ್ಮುದ್ರಣದ ಭಾಗ್ಯವನ್ನು ತಂದುಕೊಟ್ಟುದು ಕನ್ನಡ ಸಾಹಿತ್ಯ ಪರಿಷತ್ತು. ಗ್ರಂಥಕರ್ತನ ಆಯುಸ್ಸಿಗಿಂತ ಗ್ರಂಥದ ಆಯುಸ್ಸು ದೊಡ್ಡದಾಗಬೇಕಾದರೆ, ಅವನ ಬಳಿಕವೂ ಬದುಕಿರುವ ಒಂದು ಸಂಸ್ಥೆ ಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯುವುದು ಕಷ್ಟ.

೪

ಇಲ್ಲಿ ಮುದ್ರಣದ ಲೆಕ್ಕಾಚಾರವನ್ನು ಸ್ವಲ್ಪ ವಿವರಿಸುವುದು ಅವಶ್ಯ. ಮೊಳೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಕಾಲದಲ್ಲಿ, ನೂರು ಪ್ರತಿ ತೆಗೆದರೂ ಸಾವಿರ ಪ್ರತಿ ತೆಗೆದರೂ ಜೋಡಣೆಯ ಖರ್ಚು ಒಂದೇ. ಆದಕಾರಣ ಪ್ರತಿಗಳು ಕಡಮೆಯಾದಷ್ಟೂ ಒಂದೊಂದರ ಬೆಲೆ ಏರುತ್ತಿತ್ತು. ಹೆಚ್ಚು ಪ್ರತಿ ತೆಗೆದರೆ ಮಾರಾಟವಾಗದೆ ಉಳಿಯುವ ಭಯ. ಅದಕ್ಕಿಂತ ದೊಡ್ಡ ತೊಡಕೆಂದರೆ, ಅಚ್ಚಾದ ಮೇಲೆ ಮೊಳೆಗಳನ್ನು ಬಿಚ್ಚಿ ಮನೆಮನೆಗಳಿಗೆ ತುಂಬಿಬಿಡುತ್ತಿದ್ದರು. ಎರಡನೆಯ ಮುದ್ರಣ ಬೇಕೆಂದರೆ ಮೊದಲಿನಿಂದ ಜೋಡಿಸಬೇಕು, ಮೊದಲಿನಷ್ಟೇ ಹಣ ಬೇಕು. ಮಾರಿಬಂದ ಹಣ ಅಷ್ಟರೊಳಗೆ ಮನೆಯ ಖರ್ಚಿಗೆ ಹೋಗಿರುತ್ತಿತ್ತು. ಹೀಗೆ ಮೊದಲನೆಯ ಮುದ್ರಣದಲ್ಲಿಯೇ ತೀರಿಹೋದ ಕನ್ನಡ ಪುಸ್ತಕಗಳು ಅಸಂಖ್ಯಾತ.

ಅಚ್ಚಿನ ಕಷ್ಟಕ್ಕಿಂತ ಮಾರುವ ಕಷ್ಟ ದೊಡ್ಡದು. ಈ ವಿಷಯದಲ್ಲಿ ಉತ್ತರ ಕರ್ಣಾಟಕದ ಗಳಗನಾಥರನ್ನು ಸ್ಮರಿಸದೆ ಮುಂದಕ್ಕೆ ಹೋಗುವಂತಿಲ್ಲ. ೧೮೬೯ರಿಂದ ೧೯೪೨ರವರೆಗೆ ಬದುಕಿದ್ದ ಈ ಮಹನೀಯರು ಕಾದಂಬರಿಗಳನ್ನು ಬರೆದದ್ದಲ್ಲದೆ, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಕನ್ನಡ ಓದುವ ಜನರನ್ನು ಅವರು ಹುಡುಕಿದರೆನ್ನುವುದಕ್ಕಿಂತ ಸೃಷ್ಟಿಸಿದರೆನ್ನುವುದೇ ಸರಿ. ಆದರೆ ಬರೆಯುವ ಕೈಯೇ ಗಂಟನ್ನೂ ಹೊರಬೇಕಾದಾಗ, ಬರವಣಿಗೆಗೆ ಎಷ್ಟು ದಿನಗಳು ಕಡಮೆಯಾದುವೆಂಬ ಲೆಕ್ಕವನ್ನು ಯಾರು ಇಟ್ಟಿದ್ದಾರೆ?

ಜನಪ್ರಿಯತೆ ಇದ್ದವನಿಗೂ ಈ ಲೆಕ್ಕ ತಪ್ಪುವುದುಂಟು. ಇಂಗ್ಲೆಂಡಿನ ಚಾರ್ಲ್ಸ್ ಡಿಕನ್ಸನು ೧೮೪೩ರಲ್ಲಿ ತನ್ನ ‘ಕ್ರಿಸ್ಮಸ್ ಕ್ಯಾರಲ್’ ಎಂಬ ಕಥೆಯ ಮುದ್ರಣದ ವೆಚ್ಚವನ್ನು ತಾನೇ ಹೊತ್ತು, ಪ್ರಕಾಶಕರಿಗೆ ಮಾರಾಟದ ಕೆಲಸವನ್ನು ಮಾತ್ರ ಒಪ್ಪಿಸಿದನು. ಬಣ್ಣದ ಚಿತ್ರಗಳು, ಚಿನ್ನದ ಅಂಚು, ಬೆಲೆ ಮಾತ್ರ ಐದೇ ಷಿಲಿಂಗು. ಆರು ಸಾವಿರ ಪ್ರತಿಗಳು ಕೆಲವೇ ದಿನಗಳಲ್ಲಿ ತೀರಿದುವು. ಸಾವಿರ ಪೌಂಡು ಬರುವುದೆಂದು ನಂಬಿದ್ದವನಿಗೆ ಆ ಮುದ್ರಣದಿಂದ ಉಳಿದದ್ದು ಇನ್ನೂರ ಮೂವತ್ತು ಪೌಂಡು! ಗ್ರಂಥ ಗೆದ್ದಿತು, ಲೆಕ್ಕ ಸೋತಿತು.

೫

ಇನ್ನು ಎರಡನೆಯ ದಾರಿಯನ್ನು, ಎಂದರೆ ಗ್ರಂಥವನ್ನು ಬೇರೊಬ್ಬರಿಗೆ ಒಪ್ಪಿಸಿಬಿಡುವುದನ್ನು ವಿಚಾರಿಸೋಣ. ಕೃಷ್ಣರಾಜಪೇಟೆ ತಾಲ್ಲೂಕಿನ ಕಿಕ್ಕೇರಿಯಲ್ಲಿ ೧೯೧೫ರ ಜನವರಿ ೨೬ರಂದು ಜನಿಸಿದ ಕೆ.ಎಸ್. ನರಸಿಂಹಸ್ವಾಮಿಯವರ ‘ಮೈಸೂರು ಮಲ್ಲಿಗೆ’ ೧೯೪೨ರಲ್ಲಿ ಪ್ರಕಟವಾಯಿತು. ಅದು ಮಹಾಯುದ್ಧದ ಕಾಲ. ಕಾಗದ ದುರ್ಲಭವಾಗಿದ್ದ ಕಾಲ. ಕವಿಗಳು ಸಣ್ಣ ಸಂಬಳದ ಗುಮಾಸ್ತೆ. ಆ ಪುಸ್ತಕ ಮುಂದೆ ಪಡೆದ ಮುದ್ರಣಗಳೂ, ಮದುವೆಯ ಮನೆಗಳಲ್ಲಿ ಅದು ಉಡುಗೊರೆಯಾಗಿ ಸಂದ ಬಗೆಯೂ, ಅದರ ಗೀತಗಳು ಸುಗಮ ಸಂಗೀತದ ಮೂಲಕ ಮನೆಮನೆಯನ್ನು ಹೊಕ್ಕದ್ದೂ, ೧೯೯೨ರಲ್ಲಿ ಅದೇ ಹೆಸರಿನ ಚಲನಚಿತ್ರ ಬಂದದ್ದೂ ವಾಚಕರಿಗೆ ತಿಳಿದೇ ಇದೆ. ಆದರೆ ಕಷ್ಟದ ದಿನಗಳಲ್ಲಿ ಕವಿಗಳು ಆ ಸಂಗ್ರಹದ ಹಕ್ಕನ್ನೇ ಅಲ್ಪ ಮೊತ್ತಕ್ಕೆ ಬಿಟ್ಟುಕೊಟ್ಟರೆಂಬ ಮಾತು ಅವರನ್ನು ಕುರಿತ ಬರಹಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಮಲ್ಲಿಗೆಯ ಪರಿಮಳ ನಾಡನ್ನೆಲ್ಲ ತುಂಬಿತು. ಬಳ್ಳಿಯನ್ನು ನೆಟ್ಟವರ ಮನೆಗೆ ಅದರ ಫಲ ತಕ್ಕಷ್ಟು ತಲುಪಲಿಲ್ಲವೆಂಬ ನೋವು ಈ ಸೀಮೆಯ ಜನರ ಮನಸ್ಸಿನಲ್ಲಿ ಇಂದಿಗೂ ಇದೆ.

ಇಂತಹ ಕಥೆ ನಮ್ಮ ನಾಡಿಗೆ ಮಾತ್ರ ಸೇರಿದ್ದಲ್ಲ. ಆಂಗ್ಲ ಮಹಾಕವಿ ಮಿಲ್ಟನ್ನನು ೧೬೬೭ರಲ್ಲಿ ‘ಪ್ಯಾರಡೈಸ್ ಲಾಸ್ಟ್’ ಮಹಾಕಾವ್ಯವನ್ನು ಸ್ಯಾಮ್ಯುಯಲ್ ಸಿಮನ್ಸ್ ಎಂಬ ಮುದ್ರಕನಿಗೆ ಒಪ್ಪಿಸಿದಾಗ ಕೈಗೆ ಬಂದದ್ದು ಐದು ಪೌಂಡು; ಮೊದಲ ಮುದ್ರಣದ ೧೩೦೦ ಪ್ರತಿಗಳು ತೀರಿದ ಮೇಲೆ ಇನ್ನೈದು. ಅವನ ಮರಣಾನಂತರ, ೧೬೮೦ರಲ್ಲಿ, ಅವನ ವಿಧವೆ ಎಂಟು ಪೌಂಡು ಪಡೆದು ಉಳಿದ ಹಕ್ಕನ್ನೆಲ್ಲ ಬಿಟ್ಟುಕೊಟ್ಟಳು. ಜಗತ್ತಿನ ಮಹಾಕಾವ್ಯಗಳಲ್ಲೊಂದಕ್ಕೆ ಕವಿಯ ಮನೆಗೆ ಒಟ್ಟು ಸಂದದ್ದು ಹದಿನೆಂಟು ಪೌಂಡು!

ಇಲ್ಲಿ ಪ್ರಕಾಶಕನನ್ನು ದೂರುವುದು ಸುಲಭ. ಆದರೆ ಅದು ಪೂರ್ಣ ನ್ಯಾಯವಲ್ಲ. ಹೆಸರಿಲ್ಲದ ಕವಿಯ ಪುಸ್ತಕಕ್ಕೆ ಹಣ ಹಾಕುವವನು ಹತ್ತರಲ್ಲಿ ಎಂಟು ಬಾರಿ ಕಳೆದುಕೊಳ್ಳಲು ಸಿದ್ಧನಾಗಿರಬೇಕು; ಗೆದ್ದ ಒಂದೆರಡು ಪುಸ್ತಕಗಳೇ ಅವನ ಅಂಗಡಿಯ ದೀಪವನ್ನು ಉರಿಸುತ್ತವೆ. ತಪ್ಪು ಇರುವುದು ಒಪ್ಪಿಸಿದ್ದರಲ್ಲಿ ಅಲ್ಲ, ಒಪ್ಪಿಸಿದ ರೀತಿಯಲ್ಲಿ. ಅಚ್ಚು ಹಾಕುವ ಅನುಮತಿಯನ್ನು ಕೊಡುವುದು ಬೇರೆ. ಹಕ್ಕನ್ನೇ ಎಂದೆಂದಿಗೂ ಮಾರಿಬಿಡುವುದು ಬೇರೆ. ಹೊಲವನ್ನು ವಾರಕ್ಕೆ ಕೊಟ್ಟ ರೈತನಿಗೂ, ಕ್ರಯಪತ್ರ ಮಾಡಿಕೊಟ್ಟವನಿಗೂ ಇರುವಷ್ಟೇ ಅಂತರ ಇವೆರಡಕ್ಕೂ ಇದೆ. ಈಗಿನ ಭಾರತೀಯ ಶಾಸನದಂತೆ ಗ್ರಂಥಸ್ವಾಮ್ಯವು ಕರ್ತೃವಿನ ಜೀವಿತಕಾಲವಲ್ಲದೆ ಅನಂತರ ಅರುವತ್ತು ವರ್ಷ ನಡೆಯುತ್ತದೆ. ನರಸಿಂಹಸ್ವಾಮಿಯವರು ೨೦೦೩ರ ಡಿಸೆಂಬರಿನಲ್ಲಿ ತೀರಿಕೊಂಡರು. ಎಂದಮೇಲೆ ಅವರ ಕೃತಿಗಳ ಹಕ್ಕು, ಯಾರ ಕೈಯಲ್ಲಿಯೇ ಇರಲಿ, ೨೦೬೩ರ ಕೊನೆಯವರೆಗೆ ಜೀವಂತವಾಗಿರುತ್ತದೆ. ತಿಂಗಳ ಖರ್ಚಿಗೆಂದು ಮಾಡಿದ ಒಂದು ರುಜು ನೂರು ವರ್ಷಗಳವರೆಗೆ ಮಾತನಾಡುತ್ತದೆ ಎಂಬುದನ್ನು ಬರೆಯುವವರು ಮರೆಯಬಾರದು.

೬

ಸ್ವಂತವಾಗಿ ಪ್ರಕಟಿಸಿ ಗೆದ್ದವರು ಇಲ್ಲವೇ ಎಂದು ಕೇಳಬಹುದು. ಇದ್ದಾರೆ; ಅವರು ಸಾಮಾನ್ಯರೂ ಅಲ್ಲ. ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ಪುಸ್ತಕಗಳು ಅವರದೇ ಆದ ಜೀವನ ಕಾರ್ಯಾಲಯದಿಂದ ಹೊರಟುವು. ಕುವೆಂಪು ಅವರ ಕೃತಿಗಳು ಅವರ ಮನೆಯ ಹೆಸರನ್ನೇ ಹೊತ್ತ ಉದಯರವಿ ಪ್ರಕಾಶನದಿಂದ ಬಂದುವು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಪ್ರಕಟಣಾಲಯವನ್ನು ನಡೆಸಿ, ಬರೆಯುವುದರ ಜೊತೆಗೆ ಅಚ್ಚಿನ ಕೆಲಸವನ್ನೂ ಕೈಯಾರೆ ಕಲಿತರು. ಅಮೆರಿಕೆಯ ವಾಲ್ಟ್ ವಿಟ್ಮನ್ನನು ೧೮೫೫ರಲ್ಲಿ ತನ್ನ ಕವನಸಂಗ್ರಹವನ್ನು ಸ್ವಂತ ಖರ್ಚಿನಲ್ಲಿ ಅಚ್ಚು ಮಾಡಿಸಿದ್ದಲ್ಲದೆ, ಕೆಲವು ಪುಟಗಳ ಮೊಳೆಯನ್ನೂ ತಾನೇ ಜೋಡಿಸಿದನು. ಆದುದರಿಂದ ಸ್ವಂತವಾಗಿ ಪ್ರಕಟಿಸುವುದು ಬೇರೆಯವರು ತಿರಸ್ಕರಿಸಿದ್ದರ ಗುರುತೆಂದು ಹೀಗಳೆಯುವವರು ಚರಿತ್ರೆಯನ್ನು ತಿಳಿಯದವರು.

ಆದರೆ ಇವರ ಗೆಲುವಿನ ಕಾರಣವನ್ನು ಬಿಡಿಸಿ ನೋಡಬೇಕು. ಮಾಸ್ತಿಯವರು ಸರ್ಕಾರದ ಉನ್ನತ ಅಧಿಕಾರದಲ್ಲಿದ್ದವರು. ಕುವೆಂಪು ಅವರು ವಿಶ್ವವಿದ್ಯಾನಿಲಯದ ಅಧ್ಯಾಪಕರು. ಮನೆಯ ಒಲೆ ಪುಸ್ತಕದ ಮಾರಾಟವನ್ನು ಕಾಯುತ್ತಿರಲಿಲ್ಲ. ಕಾರಂತರಿಗೆ ಅಂತಹ ಸಂಬಳವಿರಲಿಲ್ಲ. ಅವರು ಅದಕ್ಕೆ ಬದಲಾಗಿ ತಮ್ಮ ಅಸಾಧಾರಣವಾದ ದುಡಿಮೆಯನ್ನೇ ಸುರಿದರು. ನಮ್ಮ ನಾಲ್ಕು ತಾಲ್ಲೂಕುಗಳ ಕಡೆಗೆ ತಿರುಗಿದರೂ ಇದೇ ಕಾಣುತ್ತದೆ. ಮೇಲುಕೋಟೆಯ ಪು.ತಿ. ನರಸಿಂಹಾಚಾರ್ಯರು ಸೈನ್ಯದ ಇಲಾಖೆಯ ಕಛೇರಿಯಲ್ಲಿ ಕೆಲಸದಲ್ಲಿದ್ದರು. ಅಕ್ಕಿಹೆಬ್ಬಾಳಿನ ಎ.ಎನ್. ಮೂರ್ತಿರಾಯರು ಪ್ರಾಧ್ಯಾಪಕರು, ಅವರ ‘ದೇವರು’ ೧೯೯೧ರಲ್ಲಿ, ತೊಂಬತ್ತು ದಾಟಿದ ವಯಸ್ಸಿನಲ್ಲಿ ಬಂದದ್ದು. ನಾಗಮಂಗಲ ತಾಲ್ಲೂಕಿನ ಹೆರಗನಹಳ್ಳಿಯ ಎಚ್.ಎಲ್. ನಾಗೇಗೌಡರು ಆಡಳಿತಾಧಿಕಾರಿಗಳು. ನರಸಿಂಹಸ್ವಾಮಿಯವರ ಗುಮಾಸ್ತೆಗಿರಿಯನ್ನು ಮೇಲೆಯೇ ಹೇಳಿದೆ. ಇವರಲ್ಲಿ ಪು.ತಿ.ನ. ೧೯೮೧ರಲ್ಲಿ, ಮೂರ್ತಿರಾಯರು ೧೯೮೪ರಲ್ಲಿ, ನರಸಿಂಹಸ್ವಾಮಿಯವರು ೧೯೯೦ರಲ್ಲಿ, ನಾಗೇಗೌಡರು ೧೯೯೫ರಲ್ಲಿ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಲನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು. ನಾಡು ಕೊಡಬಹುದಾದ ಗೌರವವನ್ನೆಲ್ಲ ಪಡೆದ ಈ ನಾಲ್ವರಲ್ಲಿ ಒಬ್ಬರೂ ಪುಸ್ತಕದ ಆದಾಯವನ್ನೇ ನೆಚ್ಚಿ ಸಂಸಾರ ನಡೆಸಿದವರಲ್ಲ. ಕನ್ನಡದ ಬಹುಪಾಲು ಗ್ರಂಥಗಳಿಗೆ ನಿಜವಾದ ಪ್ರಕಾಶಕ, ಮುಖಪುಟದಲ್ಲಿ ಹೆಸರಿಲ್ಲದ ಆ ತಿಂಗಳ ಸಂಬಳವೇ!

೭

ಈ ಎರಡು ದಾರಿಗಳಲ್ಲದೆ ಮೂರನೆಯದೊಂದುಂಟು. ನಮ್ಮ ನಾಡಿನಲ್ಲಿ ಅದು ಬಹಳ ಕೆಲಸ ಮಾಡಿದೆ. ಅದು ಸಂಘದ ದಾರಿ. ಧಾರವಾಡದ ಕರ್ನಾಟಕ ವಿದ್ಯಾವರ್ಧಕ ಸಂಘವು ೧೮೯೦ರಲ್ಲಿ ಹುಟ್ಟಿ, ಗ್ರಂಥಕರ್ತರಿಗೆ ಬಹುಮಾನ ಕೊಟ್ಟು ಪುಸ್ತಕಗಳನ್ನು ಬೆಳಕಿಗೆ ತಂದಿತು. ಗಳಗನಾಥರ ಮೊದಲ ಕಾದಂಬರಿಗೆ ಬಹುಮಾನವಿತ್ತುದೂ ಆ ಸಂಘವೇ. ಅದೇ ಊರಿನಲ್ಲಿ ಜಿ.ಬಿ. ಜೋಶಿಯವರ ಮನೋಹರ ಗ್ರಂಥಮಾಲೆಯು ೧೯೩೩ರಲ್ಲಿ ಮೊದಲಾಗಿ, ಚಂದಾದಾರರ ಬಲದ ಮೇಲೆ ನಿಂತಿತು. ೧೯೧೫ರಲ್ಲಿ ಸ್ಥಾಪಿತವಾದ ಕನ್ನಡ ಸಾಹಿತ್ಯ ಪರಿಷತ್ತಿನ ಮಾತು ಮೇಲೆ ಬಂದಿದೆ.

ಪರಿಷತ್ತಿನ ಚರಿತ್ರೆಯಲ್ಲಿ ನಮ್ಮ ಸೀಮೆಯವರೊಬ್ಬರ ಹೆಸರು ಈ ವಿಷಯಕ್ಕೆ ವಿಶೇಷವಾಗಿ ಸಂಬಂಧಪಟ್ಟದ್ದು. ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನ ಮನೆತನಕ್ಕೆ ಸೇರಿ, ಶ್ರೀರಂಗಪಟ್ಟಣದಲ್ಲಿ ಬಾಲ್ಯವನ್ನು ಕಳೆದ ಬಿ.ಎಂ. ಶ್ರೀಕಂಠಯ್ಯನವರು ೧೯೨೬ರಲ್ಲಿ ‘ಇಂಗ್ಲಿಷ್ ಗೀತಗಳು’ ಸಂಗ್ರಹದಿಂದ ಕನ್ನಡ ಕವಿತೆಗೆ ಹೊಸ ಹಾದಿಯನ್ನು ತೋರಿಸಿದರೆಂಬುದನ್ನು ಎಲ್ಲರೂ ಬಲ್ಲರು. ಪರಿಷತ್ತಿನ ಉಪಾಧ್ಯಕ್ಷರಾಗಿದ್ದಾಗ ಅವರು ‘ಕನ್ನಡ ನುಡಿ’ ಪತ್ರಿಕೆಗೂ ಕನ್ನಡ ಪರೀಕ್ಷೆಗಳಿಗೂ ಕಾರಣರಾದರು. ಪರಿಷತ್ತಿನ ಮುದ್ರಣಾಲಯವು ‘ಬಿ.ಎಂ.ಶ್ರೀ ಅಚ್ಚುಕೂಟ’ವೆಂದು ಅವರ ಹೆಸರನ್ನೇ ಹೊತ್ತಿತು. ಕವಿತೆಯನ್ನು ಬರೆದರೆ ಸಾಲದು, ಓದುವವರನ್ನು ಸಿದ್ಧಪಡಿಸಬೇಕು, ಅಚ್ಚು ಹಾಕುವ ಯಂತ್ರವೂ ಸಂಘದ ಕೈಯಲ್ಲಿರಬೇಕು ಎಂಬ ಈ ಮೂರು ಕೆಲಸಗಳ ಸಂಬಂಧವನ್ನು ಅವರಷ್ಟು ಸ್ಪಷ್ಟವಾಗಿ ಕಂಡವರು ವಿರಳ.

ಜನಪದ ಸಾಹಿತ್ಯದಂತಹ ವಿಷಯದಲ್ಲಂತೂ ಸಂಘವಲ್ಲದೆ ಅನ್ಯಮಾರ್ಗವೇ ಇಲ್ಲ. ಸೋಬಾನೆ ಹಾಡುವ ಹೆಂಗಸರು ಮುದ್ರಣದ ಹಣವನ್ನು ತರಲಾರರು. ವರ್ತಕನು ಆ ಹಾಡಿನ ಸಂಪುಟಗಳಿಂದ ಲಾಭವನ್ನು ಕಾಣಲಾರನು. ನಾಗೇಗೌಡರು ೧೯೭೯ರಲ್ಲಿ ಕರ್ನಾಟಕ ಜಾನಪದ ಪರಿಷತ್ತನ್ನು ಸ್ಥಾಪಿಸಿ, ರಾಮನಗರದ ಬಳಿ ಜಾನಪದ ಲೋಕವನ್ನು ಕಟ್ಟಿದ್ದರಿಂದಲೇ ಆ ಸಂಪತ್ತಿನ ಒಂದು ಭಾಗವಾದರೂ ಉಳಿಯಿತು.

೮

ಈಗಿನ ಕಾಲದ ಸ್ಥಿತಿ ಹಿಂದಿನಂತಿಲ್ಲ. ಅಕ್ಷರಜೋಡಣೆ ಒಮ್ಮೆ ಆದರೆ ಗಣಕದಲ್ಲಿ ಉಳಿಯುತ್ತದೆ. ಎರಡನೆಯ ಮುದ್ರಣಕ್ಕೆ ಮೊಳೆಗಳನ್ನು ಮತ್ತೆ ಜೋಡಿಸಬೇಕಾಗಿಲ್ಲ. ಗ್ರಂಥಕರ್ತನ ಪಕ್ಷಕ್ಕೆ ಇದರಷ್ಟು ದೊಡ್ಡ ಅನುಕೂಲ ಹಿಂದೆ ಒದಗಿರಲಿಲ್ಲ. ಆದರೂ ಲೆಕ್ಕವನ್ನು ಮರೆಯಬಾರದು. ಉದಾಹರಣೆಗೆ, ಇನ್ನೂರು ರೂಪಾಯಿ ಬೆಲೆಯ ಪುಸ್ತಕದ ಐನೂರು ಪ್ರತಿಗಳನ್ನು, ಪ್ರತಿಯೊಂದಕ್ಕೆ ಎಂಬತ್ತು ರೂಪಾಯಿ ಬೀಳುವಂತೆ, ನಲವತ್ತು ಸಾವಿರ ರೂಪಾಯಿ ಹಾಕಿ ಅಚ್ಚು ಮಾಡಿಸಿದನೆಂದು ಇಟ್ಟುಕೊಳ್ಳೋಣ. ಅಂಗಡಿಯವರಿಗೆ ನೂರಕ್ಕೆ ನಲವತ್ತು ಬಿಟ್ಟರೆ ಪ್ರತಿಗೆ ನೂರ ಇಪ್ಪತ್ತು ಬರುತ್ತದೆ. ಹಾಕಿದ ಹಣ ಹಿಂದಿರುಗಬೇಕಾದರೆ ೩೩೪ ಪ್ರತಿಗಳು ಮಾರಬೇಕು. ಅದೇ ಪುಸ್ತಕವನ್ನು ನೂರಕ್ಕೆ ಹತ್ತರ ಗೌರವಧನಕ್ಕೆ ಪ್ರಕಾಶಕರಿಗೆ ಕೊಟ್ಟರೆ ಪ್ರತಿಗೆ ಇಪ್ಪತ್ತು ರೂಪಾಯಿ, ಕೈಯಿಂದ ಹಾಕುವುದೇನೂ ಇಲ್ಲ. ನಾನೂರು ಪ್ರತಿಗಳು ಮಾರುವವರೆಗೂ ಪ್ರಕಾಶಕರ ದಾರಿಯೇ ಗ್ರಂಥಕರ್ತನಿಗೆ ಲಾಭ. ನಾನೂರನ್ನು ದಾಟಿದ ಮೇಲೆ ಮಾತ್ರ ಸ್ವಂತ ಪ್ರಕಟನೆ ಮೇಲಾಗುತ್ತದೆ. ಅಂಗಡಿಗಳಲ್ಲಿ ಬಾಕಿ ಉಳಿಯುವ ಹಣ, ಓಡಾಟದ ಖರ್ಚು, ಮಂಚದ ಕೆಳಗೆ ಉಳಿಯುವ ಕಟ್ಟುಗಳು ಈ ಲೆಕ್ಕಕ್ಕೆ ಸೇರಿಲ್ಲ. ಪ್ರಕಾಶಕನಾದವನಿಗೆ ಶಾಸನದ ಹೊಣೆಯೂ ಉಂಟು: ೧೯೫೪ರ ಕಾಯಿದೆಯಂತೆ ಕಲ್ಕತ್ತೆಯ ರಾಷ್ಟ್ರೀಯ ಗ್ರಂಥಾಲಯಕ್ಕೂ ಇತರ ನಿರ್ದಿಷ್ಟ ಗ್ರಂಥಾಲಯಗಳಿಗೂ ಅವನು ತನ್ನ ಖರ್ಚಿನಲ್ಲಿ ಪ್ರತಿಗಳನ್ನು ಕಳುಹಿಸಬೇಕು. ಇದು ಹೊರೆಯೆಂದು ತೋರಿದರೂ, ಗ್ರಂಥದ ಒಂದು ಪ್ರತಿ ಶಾಶ್ವತವಾದ ಕಪಾಟಿಗೆ ಸೇರುವುದು ಆ ಮೂಲಕವೇ.

ಆದಕಾರಣ ನನಗೆ ತೋರುವುದು ಇಷ್ಟು. ನಾನೂರು ಮಂದಿ ಓದುಗರನ್ನು ಹೆಸರಿಟ್ಟು ಎಣಿಸಬಲ್ಲವನು, ಅಥವಾ ಗಂಟನ್ನು ಹೊತ್ತು ತಿರುಗಬಲ್ಲವನು ಸ್ವಂತವಾಗಿ ಪ್ರಕಟಿಸಲಿ. ಉಳಿದವರು ಪ್ರಕಾಶಕರನ್ನೋ ಸಂಘವನ್ನೋ ಆಶ್ರಯಿಸಲಿ. ಅದರಲ್ಲಿ ಯಾವ ಕುಂದೂ ಇಲ್ಲ. ಆದರೆ ಗ್ರಂಥಕರ್ತನಿಂದಲೇ ಅಚ್ಚಿನ ಹಣವನ್ನೂ ಪಡೆದು, ಹಕ್ಕನ್ನೂ ಬರೆಸಿಕೊಳ್ಳುವವರು ಎದುರಾದರೆ ಅವರಿಂದ ದೂರವಿರುವುದು ಲೇಸು. ಎರಡು ದಾರಿಗಳ ಕಷ್ಟವನ್ನು ಕೊಟ್ಟು ಒಂದರ ಸುಖವನ್ನೂ ಕೊಡದ ವ್ಯವಹಾರ ಅದು. ಯಾರಿಗೆ ಒಪ್ಪಿಸಿದರೂ ಬರವಣಿಗೆಯಲ್ಲಿ ಒಪ್ಪಿಸಲಿ. ಎಷ್ಟು ಮುದ್ರಣಕ್ಕೆ, ಎಷ್ಟು ವರ್ಷಕ್ಕೆ ಎಂಬುದನ್ನು ನಮೂದಿಸಲಿ. ಈಗಿನ ಶಾಸನವು ಗ್ರಂಥಕರ್ತನ ಪರವಾಗಿದೆ. ಹಕ್ಕಿನ ವರ್ಗಾವಣೆ ರುಜುವಾದ ಪತ್ರದ ಮೂಲಕವೇ ನಡೆಯಬೇಕು. ಅವಧಿಯನ್ನು ಹೇಳದಿದ್ದರೆ ಐದು ವರ್ಷವೆಂದೇ ತಿಳಿಯಬೇಕು. ಬೇರೆ ಮಾತಿಲ್ಲದಿದ್ದರೆ, ಪಡೆದವನು ಒಂದು ವರ್ಷದೊಳಗೆ ಆ ಹಕ್ಕನ್ನು ಉಪಯೋಗಿಸದಿದ್ದ ಪಕ್ಷದಲ್ಲಿ ಅದು ರದ್ದಾಗುತ್ತದೆ. ಮಿಲ್ಟನ್ನನ ವಿಧವೆಗೆ ಇಂತಹ ರಕ್ಷಣೆ ಇರಲಿಲ್ಲ.

ಕೊನೆಯದಾಗಿ ಒಂದು ಮಾತು ಗ್ರಂಥಕರ್ತರಿಗಲ್ಲ, ವಾಚಕರಿಗೆ. ಆಸ್ಥಾನದ ಅರಸನೂ, ಅಂಗಡಿಯ ವರ್ತಕನೂ, ಸಂಬಳದ ಉದ್ಯೋಗವೂ ಗ್ರಂಥವನ್ನು ಹುಟ್ಟಿಸಬಲ್ಲವು. ಅದನ್ನು ಬದುಕಿಸುವ ಶಕ್ತಿ ಮಾತ್ರ ಕೊಂಡು ಓದುವ ಮನೆಗಳಿಗೇ ಉಂಟು. ಕಾವ್ಯಮಂಜರಿ ನಡೆದದ್ದು ಚಂದಾದಾರರಿಂದ. ಮನೋಹರ ಗ್ರಂಥಮಾಲೆ ನಿಂತದ್ದು ಚಂದಾದಾರರಿಂದ. ಮದುವೆಗೊಂದು, ಗೃಹಪ್ರವೇಶಕ್ಕೊಂದು, ಮಗುವಿನ ಅಕ್ಷರಾಭ್ಯಾಸಕ್ಕೊಂದು ಎಂದು ವರ್ಷಕ್ಕೆ ಮೂರು ನಾಲ್ಕು ಕನ್ನಡ ಪುಸ್ತಕಗಳನ್ನು ಬೆಲೆ ಕೊಟ್ಟು ತರುವ ನಾನೂರು ಮನೆಗಳು ಈ ನಾಲ್ಕು ತಾಲ್ಲೂಕುಗಳಲ್ಲಿ ಇರಲಾರವೇ? ತಾಲ್ಲೂಕಿಗೆ ನೂರರಂತೆ ಅಷ್ಟು ಮನೆಗಳು ಒಂದು ಪಟ್ಟಿಯಲ್ಲಿ ಹೆಸರು ಬರೆಸಿದರೆ, ಕಿಕ್ಕೇರಿಯ ಮುಂದಿನ ಕವಿ ತನ್ನ ಮಲ್ಲಿಗೆಯ ಬಳ್ಳಿಯನ್ನು ಮಾರಬೇಕಾಗುವುದಿಲ್ಲ. ಹೂವನ್ನು ಮಾತ್ರ ಮಾರಿ ಬಾಳಬಲ್ಲನು.